ಮನೆಯೊಳಗಿನ ಕರ್ನಾಟಕ



ಮನೆಯಲ್ಲಿ ಕರ್ನಾಟಕದ ನಕ್ಷೆ ಇದ್ದರೆ ಎದುರಿಗೆ ಹರಡಿಕೊಳ್ಳಿ. ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹರಿಹರದ ಕಡೆ ಸಾಗುವ ರೈಲುದಾರಿಯ ಮೇಲೆ ಬೆರಳಿಟ್ಟು ಹೊರಡಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ಆಮೇಲೆ ತುಂಗಭದ್ರೆ. ಸೇತುವೆ ದಾಟಿದರೆ ಹರಿಹರ. 1997ರ ಆಗಸ್ಟ್ 24ರವರೆಗೆ ಈ ಮೂರೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಅಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು.

ಕರ್ನಾಟಕದ ಇತಿಹಾಸ ಎಂದಾಕ್ಷಣ ನಮ್ಮ ನೆನಪಿಗೆ ಬರುವುದು ಬಾದಾಮಿ, ಹಂಪೆ, ಬೇಲೂರು, ಶ್ರೀರಂಗಪಟ್ಟಣ. ಈ ಮೂರು ಊರುಗಳ ಹುಡುಗ ಹುಡುಗಿಯರನ್ನು ಕೇಳಿದರೆ, “ನಮ್ಮೂರಾಗ ಇತಿಹಾಸ ಏನೈತ್ರಿ?” ಎನ್ನುವವರೇ ಹೆಚ್ಚು. ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ಪಾಠದ ಉದ್ದೇಶ. ಇದಕ್ಕೆ ದೂರದ ಪ್ರವಾಸ ಬೇಡ, ದುಬಾರಿ ಪುಸ್ತಕವೂ ಬೇಡ. ಅಡುಗೆಮನೆಯ ಮಸಾಲೆ ಡಬ್ಬಿ, ಅಜ್ಜಿಯ ನೆನಪು, ಒಂದು ನೋಟುಬುಕ್ಕು ಸಾಕು.

ಏಲಕ್ಕಿ ಬೆಳೆಯದ ಊರಿನ ಏಲಕ್ಕಿ

ಮೊದಲು ಏಲಕ್ಕಿಯನ್ನೇ ತೆಗೆದುಕೊಳ್ಳೋಣ. ಹಾವೇರಿಗೆ ಏಲಕ್ಕಿಯ ನಾಡು ಎಂಬ ಹೆಸರಿದೆ. ಗಣ್ಯರಿಗೆ ಹಾಕುವ ಏಲಕ್ಕಿ ಹಾರಗಳು ಇಲ್ಲಿ ತಯಾರಾಗುತ್ತವೆ. 2023ರ ಜನವರಿ 6ರಿಂದ 8ರವರೆಗೆ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಊರಿನಲ್ಲಿ.

ಈಗ ನಿಮ್ಮ ತಮ್ಮನನ್ನು ಕೇಳಿ: “ಹಾವೇರಿ ಹೊಲದಾಗ ಎಲ್ಲಾದರೂ ಏಲಕ್ಕಿ ಗಿಡ ನೋಡೀಯೇನು?” ಅವನು ನೋಡಿರಲಾರ. ಏಲಕ್ಕಿಗೆ ತಂಪು, ನೆರಳು ಮತ್ತು ಹೆಚ್ಚು ಮಳೆ ಬೇಕು. ಅದು ಘಟ್ಟದ ಕಾಡಿನ ಬೆಳೆ. ಹಾವೇರಿಯ ಸುತ್ತ ಇರುವುದು ಬಯಲುಸೀಮೆಯ ಹೊಲಗಳು. ಹಾಗಾದರೆ ಏಲಕ್ಕಿಗೂ ಹಾವೇರಿಗೂ ನಂಟು ಹೇಗೆ ಬೆಳೆಯಿತು?

ಹಿಂದಿನ ಕಾಲದಲ್ಲಿ ಘಟ್ಟದ ಸೀಮೆಯ ಮತ್ತು ಮೈಸೂರು ಸೀಮೆಯ ಏಲಕ್ಕಿಯನ್ನು ವ್ಯಾಪಾರಿಗಳು ಹಾವೇರಿಗೆ ತರುತ್ತಿದ್ದರು. ಇಲ್ಲಿಯ ಬಾವಿಯ ನೀರಿನಲ್ಲಿ ಅಂಟುವಾಳದ ಕಾಯಿ ಹಾಕಿ ಏಲಕ್ಕಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಬಿಳುಪು ಮಾಡುತ್ತಿದ್ದರು. ಬಿಳುಪಾದ ಏಲಕ್ಕಿಗೆ ಪೇಟೆಯಲ್ಲಿ ಹೆಚ್ಚಿನ ಬೆಲೆ ಇತ್ತು. ಹೀಗೆ ಬೆಳೆದವರು ಒಂದು ಕಡೆ, ಹದ ಮಾಡಿದವರು ಇನ್ನೊಂದು ಕಡೆ, ಕೊಂಡವರು ಮತ್ತೊಂದು ಕಡೆ. ಹೆಸರು ಉಳಿದದ್ದು ಹದ ಮಾಡಿದ ಊರಿಗೆ.

ಇದರಲ್ಲಿ ಭೂಗೋಳದ ಪಾಠವೂ ಇದೆ. ನಕ್ಷೆಯಲ್ಲಿ ಹಾವೇರಿಯ ಪಶ್ಚಿಮಕ್ಕೆ ನೋಡಿ. ಹಾನಗಲ್ಲು ಮಲೆನಾಡಿನ ಅಂಚು. ಅಲ್ಲಿ ಭತ್ತದ ಗದ್ದೆ, ಕೆರೆ, ಅಡಿಕೆ ತೋಟ ಕಾಣುತ್ತವೆ. ಅದರಾಚೆ ಶಿರಸಿ, ಘಟ್ಟ, ಕರಾವಳಿ. ಹಾವೇರಿಯಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗಿ ಜೋಳ, ಹತ್ತಿ, ಮೆಣಸಿನಕಾಯಿಯ ಸೀಮೆ ಸಿಗುತ್ತದೆ. ಮಲೆನಾಡಿನ ಸರಕೂ ಬಯಲುಸೀಮೆಯ ಸರಕೂ ಕೈಬದಲಾಗಲು ತಕ್ಕ ಜಾಗ ಇದು. ಹೊಳೆಗಳು ಹರಿಯುವುದೂ ಇದೇ ದಿಕ್ಕಿಗೆ. ವರದಾ ನದಿ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲು ಹಾವೇರಿ ಸೀಮೆಗಳನ್ನು ದಾಟಿ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಮಲೆನಾಡಿನಿಂದ ಏಲಕ್ಕಿ ಬಂದ ಹಾಗೆ ನೀರೂ ಬಂದಿದೆ.

ಮೆಣಸು ಮತ್ತು ಮೆಣಸಿನಕಾಯಿ

ಮಸಾಲೆ ಡಬ್ಬಿಯಿಂದ ಎರಡನೆಯದಾಗಿ ಬ್ಯಾಡಗಿ ಮೆಣಸಿನಕಾಯಿಯನ್ನು ತೆಗೆಯಿರಿ. ಮೈಯೆಲ್ಲ ಸುಕ್ಕು, ಬಣ್ಣ ಗಾಢ ಕೆಂಪು, ಖಾರ ಹಿತಮಿತ. ಇದರಲ್ಲಿ ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಿವೆ. ಡಬ್ಬಿ ಗಿಡ್ಡಾಗಿ ದಪ್ಪಗಿರುತ್ತದೆ. ಕಡ್ಡಿ ಉದ್ದವಾಗಿ ತೆಳ್ಳಗಿರುತ್ತದೆ. ಇದರಿಂದ ತೆಗೆದ ಕೆಂಪು ಬಣ್ಣದ ರಸಸಾರವನ್ನು ಆಹಾರ ಪದಾರ್ಥಗಳಲ್ಲೂ ಸೌಂದರ್ಯ ಸಾಧನಗಳಲ್ಲೂ ಬಳಸುತ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಇಲ್ಲಿ ತಂಗಿಗೆ ಒಂದು ಒಗಟು ಹಾಕಿ: “ಕನಕದಾಸರ ಊಟದಾಗ ಮೆಣಸಿನಕಾಯಿ ಇತ್ತೋ ಇಲ್ಲೋ?”

ಕನಕದಾಸರು ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ. ಅವರ ಆರಾಧ್ಯದೈವ ಆದಿಕೇಶವನಿರುವ ಕಾಗಿನೆಲೆ ಇಂದು ಬ್ಯಾಡಗಿ ತಾಲ್ಲೂಕಿನಲ್ಲೇ ಇದೆ. ಅವರು 16ನೆಯ ಶತಮಾನದವರು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ವ್ಯಾಪಾರದ ಮೂಲಕ ಅದು ನಮ್ಮ ಕರಾವಳಿಗೆ ಬಂತು. ಕನಕದಾಸರ ಕಾಲದಲ್ಲಿ ಅದು ಇನ್ನೂ ಹೊಸದು. ಒಳನಾಡಿನ ಮನೆಮನೆಯ ಬಳಕೆಗೆ ಬಂದದ್ದು ನಿಧಾನವಾಗಿ. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಮುಖ್ಯವಾಗಿ ಘಟ್ಟದ ಮೆಣಸು, ಅಂದರೆ ಕರಿಮೆಣಸು. ಕನ್ನಡದಲ್ಲಿ ಈ ಇತಿಹಾಸ ಒಂದು ಶಬ್ದದಲ್ಲೇ ಉಳಿದುಕೊಂಡಿದೆ. ಮೆಣಸು ಎಂಬುದು ಹಳೆಯ ಪದಾರ್ಥದ ಹೆಸರು. ಹೊರಗಿನಿಂದ ಬಂದ ಹೊಸ ಕಾಯಿಗೆ ಮೆಣಸಿನಂತೆ ಖಾರವಿದ್ದುದರಿಂದ ನಮ್ಮ ಹಿರಿಯರು ಅದನ್ನು ಮೆಣಸಿನಕಾಯಿ ಎಂದರು. ದಿನವೂ ಆಡುವ ಮಾತು ಇತಿಹಾಸದ ಆಧಾರವಾಗುವುದು ಹೀಗೆ.

ಬ್ಯಾಡಗಿಯ ಪೇಟೆಗೆ ಹಂಗಾಮಿನಲ್ಲಿ ಹೋದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸಾಲುಸಾಲು ಚೀಲಗಳು, ದಲಾಲಿ ಅಂಗಡಿಗಳು, ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಊರ ಸುತ್ತ ಶೀತಲಗೃಹಗಳು. ಈ ಚೀಲಗಳು ಎಲ್ಲಿಂದ ಬಂದವು ಎಂದು ವಿಚಾರಿಸಿ. ಕುಂದಗೋಳ, ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಎಂಬ ಉತ್ತರ ಸಿಗುತ್ತದೆ. ಬ್ಯಾಡಗಿಯ ಸುತ್ತಲಿನ ಹೊಲಗಳಲ್ಲಿ ಇಂದು ಗೋವಿನಜೋಳವೇ ಹೆಚ್ಚು. ಏಲಕ್ಕಿಗೆ ಹಾವೇರಿ ಹೇಗೋ ಮೆಣಸಿನಕಾಯಿಗೆ ಬ್ಯಾಡಗಿಯೂ ಈಗ ಹಾಗೆಯೇ ಆಗುತ್ತಿದೆ. ಬೆಳೆ ಬೇರೆ ಕಡೆಗೆ ಸರಿದರೂ ಪೇಟೆ ಮತ್ತು ಹೆಸರು ಇಲ್ಲಿ ನಿಂತಿವೆ.

ಇತಿಹಾಸವೆಂದರೆ ಹಳೆಯ ಕಾಲ ಮಾತ್ರವೆಂದು ತಿಳಿಯಬೇಡಿ. 2024ರ ಮಾರ್ಚ್ 11ರಂದು ದರ ಕುಸಿದುದರಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿಯಲ್ಲಿ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ನೂರಾರು ಕಿಲೋಮೀಟರು ದೂರದಿಂದ ಮಾಲು ತಂದಿದ್ದವರೂ ಅವರಲ್ಲಿದ್ದರು. ಅಂದಿನ ದರ, ಸಾಗಣೆಯ ಖರ್ಚು, ಸಾಲದ ಲೆಕ್ಕ ಇವುಗಳನ್ನು ತಿಳಿಯದೆ ಆ ದಿನವನ್ನು ಅರ್ಥಮಾಡಿಕೊಳ್ಳಲು ಆಗದು. ನಿಮ್ಮ ಮನೆಯಲ್ಲಿ ಮೆಣಸಿನಕಾಯಿ ಬೆಳೆಯುವವರೋ ಮಾರುವವರೋ ತೊಟ್ಟು ಬಿಡಿಸುವವರೋ ಇದ್ದರೆ ಅವರ ಮಾತನ್ನು ಇಂದೇ ಬರೆದಿಟ್ಟುಕೊಳ್ಳಿ. ಮುಂದಿನವರಿಗೆ ಅದೊಂದು ದಾಖಲೆಯಾದೀತು.

ಇಲ್ಲಿ ಬೆಳೆದ ಹತ್ತಿಗೆ ಕುಮಟೆಯ ಹೆಸರು

ಮೂರನೆಯ ವಸ್ತು ಹತ್ತಿ. ಹಾಸಿಗೆಯಲ್ಲೋ ದೀಪದ ಬತ್ತಿಯಲ್ಲೋ ಅದು ನಿಮ್ಮ ಮನೆಯಲ್ಲಿ ಇದ್ದೇ ಇದೆ. ರಾಣೆಬೆನ್ನೂರಿನ ಸೀಮೆ ಬಹುಕಾಲದಿಂದ ಹತ್ತಿಗೆ ಹೆಸರಾದದ್ದು. ಇಂದು ಅದು ಹತ್ತಿ ಮತ್ತು ತರಕಾರಿಗಳ ಸಂಕರಣ ಬೀಜ ತಯಾರಿಕೆಗೂ ಪ್ರಸಿದ್ಧವಾಗಿದೆ. ಇದೇ ತಾಲ್ಲೂಕಿನ ತುಮ್ಮಿನಕಟ್ಟಿಯಲ್ಲಿ ಕೈಮಗ್ಗಗಳಿವೆ. ಮೆಡ್ಲೇರಿ ಕಂಬಳಿಗೆ ಹೆಸರಾಗಿದೆ.

19ನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಎರೆಹೊಲಗಳ ನಾಟಿ ಹತ್ತಿ ಇಂಗ್ಲೆಂಡಿನ ಪೇಟೆಗೆ ಹೋಗುತ್ತಿತ್ತು. ಅಲ್ಲಿಯ ವ್ಯಾಪಾರಿಗಳು ಅದನ್ನು ಕರೆಯುತ್ತಿದ್ದುದು ಕುಮಟಾ ಹತ್ತಿ ಎಂದು. ಕುಮಟೆ ಉತ್ತರ ಕನ್ನಡದ ಬಂದರು. ಕಡಲ ದಂಡೆಯ ಆ ಊರು ಎರೆಭೂಮಿಯ ಹತ್ತಿಯ ಸೀಮೆಯಲ್ಲ. ಬಯಲುಸೀಮೆಯಲ್ಲಿ ಬೆಳೆದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಅಲ್ಲಿ ಹಡಗು ಹತ್ತುತ್ತಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಆಗ ನಮ್ಮ ಸೀಮೆಯ ಹತ್ತಿಗೆ ಬೆಲೆ ಏರಿತು. ಯುದ್ಧ ಮುಗಿದ ಮೇಲೆ ಇಳಿಯಿತು. ಎಲ್ಲಿಯೋ ನಡೆದ ಯುದ್ಧ ಇಲ್ಲಿಯ ರೈತನ ಮನೆಯ ಲೆಕ್ಕವನ್ನು ಏರುಪೇರು ಮಾಡಿತು.

1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿಯ ಹಳಿಗಳು ಹುಬ್ಬಳ್ಳಿಯಿಂದ ಹರಿಹರದವರೆಗೆ ಬಂದವು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ರೈಲು ನಿಲ್ದಾಣಗಳಾದವು. ಸರಕು ಘಟ್ಟ ಇಳಿಯುವುದನ್ನು ಬಿಟ್ಟು ರೈಲು ಹತ್ತಿತು. ಕುಮಟೆಯ ವ್ಯಾಪಾರ ಕುಗ್ಗಿತು. ಹಳಿಯ ಮೇಲಿನ ಪೇಟೆಗಳು ಬೆಳೆದವು. ನಿಮ್ಮ ಊರಿನ ಹಳೆಯ ಪೇಟೆ ರೈಲು ನಿಲ್ದಾಣದ ಕಡೆಗೆ ಬೆಳೆದಿದೆಯೇ, ಹೊಳೆಯ ಕಡೆಗೆ ಬೆಳೆದಿದೆಯೇ ಎಂದು ಒಮ್ಮೆ ನಡೆದು ನೋಡಿ.

ಏಲಕ್ಕಿ, ಮೆಣಸಿನಕಾಯಿ, ಹತ್ತಿ ಈ ಮೂರರಿಂದ ನಾವು ಕಲಿಯುವ ಪಾಠ ಒಂದೇ. ಒಂದು ವಸ್ತುವಿಗೆ ಅಂಟಿಕೊಂಡ ಊರಿನ ಹೆಸರು ಅದು ಬೆಳೆದ ಮಣ್ಣಿಗಿಂತ ಅದು ಸಾಗಿದ ದಾರಿಯನ್ನೇ ಹೆಚ್ಚಾಗಿ ಹೇಳುತ್ತದೆ. ಮನೆಯ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಮೂರು ಪ್ರಶ್ನೆ ಕೇಳಬಹುದು. ಇದು ಬೆಳೆದದ್ದು ಎಲ್ಲಿ? ಬಂದದ್ದು ಯಾವ ದಾರಿಯಲ್ಲಿ? ಇದಕ್ಕೆ ಯಾರ ಹೆಸರು ಅಂಟಿದೆ? ಉತ್ತರಗಳನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿ. ಗೆರೆಗಳೆಲ್ಲ ಸೇರಿದಾಗ ಮಲೆನಾಡು, ಕರಾವಳಿ, ಬಯಲುಸೀಮೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಕಾಣುತ್ತದೆ.

ಹೊಳೆಯ ಎರಡು ದಂಡೆ

ಇಂದು ರಾಣೆಬೆನ್ನೂರಿನಿಂದ ಹರಿಹರಕ್ಕೆ ಹೋಗುವವರಿಗೆ ಸೇತುವೆ ದಾಟಿದ್ದೇ ಗೊತ್ತಾಗುವುದಿಲ್ಲ. 1956ಕ್ಕೆ ಮೊದಲು ಹೀಗಿರಲಿಲ್ಲ. ತುಂಗಭದ್ರೆಯ ಉತ್ತರಕ್ಕೆ ಮುಂಬಯಿ ಪ್ರಾಂತ. ದಕ್ಷಿಣಕ್ಕೆ ಹರಿಹರದಲ್ಲಿ ಮೈಸೂರು ಮಹಾರಾಜರ ಸಂಸ್ಥಾನ. ಹೊಳೆಯ ಕೆಳಗೆ ಆಚೆ ದಂಡೆಯ ಹಡಗಲಿ ಮದರಾಸು ಪ್ರಾಂತದ್ದು. ಇನ್ನೂ ಪೂರ್ವಕ್ಕೆ ಕೊಪ್ಪಳ ನಿಜಾಮರ ಹೈದರಾಬಾದಿನದು. ಹಾವೇರಿಯ ಪಕ್ಕದ ಸವಣೂರಿನಲ್ಲಿ 1948ರವರೆಗೆ ನವಾಬರ ಸಂಸ್ಥಾನವಿತ್ತು. ಒಂದು ದಿನದ ಗಾಡಿ ಪ್ರಯಾಣದಲ್ಲಿ ಕನ್ನಡಿಗನೊಬ್ಬ ಎರಡು ಮೂರು ಆಳ್ವಿಕೆಗಳನ್ನು ದಾಟಬಹುದಾಗಿತ್ತು.

ಇದರ ಗುರುತು ಹಿರಿಯರ ಮಾತಿನಲ್ಲಿ ಇನ್ನೂ ಇದೆ. ತಾಲ್ಲೂಕಿನ ಅಧಿಕಾರಿಯನ್ನು ರಾಣೆಬೆನ್ನೂರಿನಲ್ಲಿ ಮಾಮಲೇದಾರ ಎನ್ನುತ್ತಿದ್ದರು, ಹರಿಹರದಲ್ಲಿ ಅಮಲ್ದಾರ, ಹಡಗಲಿಯಲ್ಲಿ ತಹಶೀಲ್ದಾರ. ಹಳ್ಳಿಯ ಲೆಕ್ಕ ಬರೆಯುವವನು ಇಲ್ಲಿ ಕುಲಕರ್ಣಿ, ಅಲ್ಲಿ ಶಾನುಭೋಗ, ಮತ್ತೊಂದೆಡೆ ಕರಣಂ. ಈ ಭಾಗದ ಅಜ್ಜಂದಿರು ತರಗತಿಗೆ ಇಯತ್ತೆ ಎನ್ನುತ್ತಾರೆ. ಏಳನೆಯ ಇಯತ್ತೆ ಮುಗಿಸಿದವರು ಮುಲ್ಕಿ ಪರೀಕ್ಷೆಗೆ ಕೂರುತ್ತಿದ್ದರು. ಹರಿಹರದ ಕಡೆಯ ಅಜ್ಜಂದಿರಿಗೆ ಈ ಎರಡು ಶಬ್ದಗಳು ಹೊಸವು. ನಿಮ್ಮ ಮನೆಯಲ್ಲಿ ಹೊಳೆಯಾಚೆಯಿಂದ ಸೊಸೆಯಾಗಿ ಬಂದ ಅಜ್ಜಿ ಇದ್ದರೆ ನಿಮ್ಮ ಅದೃಷ್ಟ. ಅಜ್ಜನ ಶಬ್ದಗಳನ್ನೂ ಅಜ್ಜಿಯ ಶಬ್ದಗಳನ್ನೂ ಎರಡು ಸಾಲಿನಲ್ಲಿ ಬರೆಯಿರಿ. ಹಳೆಯ ಗಡಿಗಳು ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಸರ್ಕಾರಗಳು ಬೇರೆಬೇರೆಯಾಗಿದ್ದರೂ ಮದುವೆ, ಸಂತೆ, ಜಾತ್ರೆಗಳು ಹೊಳೆ ದಾಟುತ್ತಲೇ ಇದ್ದವು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಸಮಯದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಆಚೆ ದಂಡೆಯ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರಣಿಕ ನಡೆಯುತ್ತದೆ. ಎರಡೂ ಕಡೆ ದೈವ ಮೈಲಾರಲಿಂಗನೇ. ಈಚೆ ದಂಡೆಯ ಭಕ್ತರು ಬುತ್ತಿ ಕಟ್ಟಿಕೊಂಡು ಆ ಜಾತ್ರೆಗೆ ಹೋಗುವಾಗ ಮುಂಬಯಿಯಿಂದ ಮದರಾಸಿಗೆ ಹೋಗುತ್ತಿದ್ದೇವೆಂದು ಭಾವಿಸಿರಲಾರರು. ಅಡುಗೆಯಲ್ಲಿ, ನಂಟಸ್ತಿಕೆಯಲ್ಲಿ, ಜಾತ್ರೆಯಲ್ಲಿ ನಾಡು ಒಂದಾಗಿಯೇ ಇತ್ತು. ನಕ್ಷೆಯಲ್ಲಿ ಒಂದಾಗಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಶಾಲೆಯಲ್ಲಿಲ್ಲದ ನಾಡು ಮನೆಗೆ ಬಂದ ಬಗೆ

ಒಂದು ಕ್ಷಣ ಯೋಚಿಸಿ. 1930ರ ಸುಮಾರಿಗೆ ರಾಣೆಬೆನ್ನೂರಿನ ಬಾಲಕನೊಬ್ಬ ತನ್ನ ಪ್ರಾಂತದ ನಕ್ಷೆಯನ್ನು ಬಿಡಿಸಿದರೆ ಅದರಲ್ಲಿ ಗುಜರಾತು ಇರುತ್ತಿತ್ತು, ದೂರದ ಸಿಂಧ್ ಕೂಡ ಇರುತ್ತಿತ್ತು. ಕಣ್ಣಿಗೆ ಕಾಣುವ ಹರಿಹರ ಇರುತ್ತಿರಲಿಲ್ಲ. ಅದಕ್ಕೂ ಹಿಂದೆ, 19ನೆಯ ಶತಮಾನದ ಮಧ್ಯದಲ್ಲಿ, ಧಾರವಾಡ ಸೀಮೆಯಲ್ಲಿ ಮರಾಠಿ ಶಾಲೆಗಳದೇ ಪ್ರಾಬಲ್ಯ. ಡೆಪ್ಯುಟಿ ಚೆನ್ನಬಸಪ್ಪನವರಂಥವರು ದುಡಿದ ಮೇಲೆ ಕನ್ನಡ ಶಾಲೆಗಳು ಹೆಚ್ಚಿದವು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂತು. ಆದರೆ ಹಳ್ಳಿಯ ಮನೆಯೊಳಕ್ಕೆ ಈ ನಾಡಿನ ಕಥೆಯನ್ನು ಕೊಂಡೊಯ್ದವರು ಯಾರು?

ಈ ಪ್ರಶ್ನೆಗೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ 1869ರಲ್ಲಿ ವೆಂಕಟೇಶ ತಿರಕೋ ಕುಲಕರ್ಣಿ ಎಂಬವರು ಹುಟ್ಟಿದರು. ಕನ್ನಡಿಗರಿಗೆ ಅವರು ಗಳಗನಾಥರೆಂದೇ ಪರಿಚಿತರು. ವೃತ್ತಿಯಿಂದ ಶಿಕ್ಷಕರು. 1907ರಲ್ಲಿ ಹಾವೇರಿಯ ಬಳಿಯ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಆರಂಭವಾದಾಗ ಅದನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ವಿಜಯನಗರದ ಸ್ಥಾಪನೆಯ ಕಥೆಯನ್ನು ‘ಮಾಧವ ಕರುಣಾ ವಿಲಾಸ’ದಲ್ಲಿ ಬರೆದರು. ಅದರ ಪತನದ ಕಥೆಯನ್ನು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಯ ಆಧಾರದಿಂದ ‘ಕನ್ನಡಿಗರ ಕರ್ಮಕಥೆ’ಯಾಗಿಸಿದರು. ಬರೆದು ಅಚ್ಚು ಹಾಕಿಸಿ ಸುಮ್ಮನೆ ಕೂರಲಿಲ್ಲ. ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ಅವರು ತೀರಿಕೊಂಡಾಗ ಕರ್ನಾಟಕ ಏಕೀಕರಣಕ್ಕೆ ಇನ್ನೂ 14 ವರ್ಷ ಉಳಿದಿತ್ತು.

ಓದು ಬಂದವರು ಕಡಿಮೆಯಿದ್ದ ಆ ಕಾಲದಲ್ಲಿ ಒಬ್ಬರು ಓದುವುದು, ಉಳಿದವರು ಕೇಳುವುದು ರೂಢಿ. ಹಂಪೆಯನ್ನು ಎಂದೂ ನೋಡದವರಿಗೂ ಹಂಪೆ ತಮ್ಮದು ಎನ್ನಿಸಿದ್ದರಲ್ಲಿ ಇಂಥ ಪುಸ್ತಕಗಳ ಪಾಲು ದೊಡ್ಡದು. ರಾಜ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲು ಅದರ ಪಾಠ ಮನೆಗಳಲ್ಲಿ ಆರಂಭವಾಗಿತ್ತು.

ಇನ್ನೊಂದು ಮನೆಯ ಕಥೆಯನ್ನೂ ಕೇಳಿ. ದಂಡಿ ಎಂಬ ಊರನ್ನು ನೀವು ಪಾಠದಲ್ಲಿ ಓದಿದ್ದೀರಿ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ಹೊರಟಾಗ ಅವರ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಒಬ್ಬರೇ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಹುಟ್ಟಿದ್ದು 1911ರ ಜೂನ್ 8ರಂದು. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಪತ್ನಿ ಸಿದ್ದಮ್ಮನವರೂ ಸಾಬರಮತಿ ಆಶ್ರಮದಲ್ಲಿದ್ದು ಹೋರಾಟಕ್ಕೆ ಇಳಿದವರು. ಚಲೇಜಾವ್ ಚಳವಳಿಯ ಕಾಲದಲ್ಲಿ, 1943ರ ಏಪ್ರಿಲ್ 1ರಂದು, ವರದೆಯ ದಂಡೆಯ ಹೊಸರಿತ್ತಿಯಲ್ಲಿ ಕಂದಾಯದ ಹಣವಿದ್ದ ಠಾಣೆಯ ಮೇಲೆ ನಡೆದ ದಾಳಿಯಲ್ಲಿ ಮಹದೇವಪ್ಪನವರು ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಮಡಿದರು. ಗುಜರಾತಿನ ಕಡಲ ದಂಡೆಯ ದಂಡಿಗೂ ವರದೆಯ ದಂಡೆಯ ಹೊಸರಿತ್ತಿಗೂ ನಡುವೆ ಗೆರೆ ಎಳೆಯಿರಿ. ಅದು ಒಬ್ಬ ಹಳ್ಳಿಯ ಯುವಕನ 13 ವರ್ಷಗಳ ಬದುಕಿನ ದಾರಿ.

ಕೇಳಿದ್ದನ್ನು ಪರೀಕ್ಷಿಸಿ

ಮನೆಯ ಪಾಠಕ್ಕೆ ಒಂದು ಮಿತಿ ಇದೆ. ಅಜ್ಜಿ ಹೇಳಿದ್ದೆಲ್ಲ ನಡೆದದ್ದೇ ಆಗಿರಬೇಕೆಂದಿಲ್ಲ. ಹಾಗೆಂದು ಅದನ್ನು ತಳ್ಳಿಹಾಕುವುದೂ ಸರಿಯಲ್ಲ. ಹಾವೇರಿ ಎಂಬ ಹೆಸರು ಹಾವುಗಳಿಂದ ಬಂತೆಂದು ಜನ ಹೇಳುತ್ತಾರೆ. ಹಾನಗಲ್ಲು ಮಹಾಭಾರತದ ವಿರಾಟನಗರವೆಂದು ಹೇಳುತ್ತಾರೆ. ಇಂಥ ಮಾತುಗಳನ್ನು ಐತಿಹ್ಯ ಎಂದು ಗುರುತು ಹಾಕಿ ಬರೆದುಕೊಳ್ಳಿ.

ಶಾಸನದಲ್ಲಿ ಇದ್ದದ್ದನ್ನೂ ಪ್ರಶ್ನಿಸಬೇಕು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಮುಕ್ತೇಶ್ವರನ ಸುಂದರ ಗುಡಿಯಿದೆ. ವಚನಕಾರ ಅಂಬಿಗರ ಚೌಡಯ್ಯನ ನೆನಪು ಈ ಊರಿನೊಂದಿಗೆ ಬೆಸೆದಿದೆ. ಅಲ್ಲಿಯ ಶಾಸನಗಳು ಗುತ್ತಲವನ್ನು ರಾಜಧಾನಿ ಮಾಡಿಕೊಂಡಿದ್ದ ಗುತ್ತರನ್ನು ಕುರಿತು ಹೇಳುತ್ತವೆ. ಗುತ್ತರು ತಮ್ಮನ್ನು ಉಜ್ಜಯಿನಿಯ ವಿಕ್ರಮಾದಿತ್ಯನ, ಚಂದ್ರಗುಪ್ತನ ವಂಶದವರೆಂದು ಕರೆದುಕೊಂಡರು. ಕಲ್ಲಿನಲ್ಲಿ ಕೊರೆದ ಮಾತ್ರಕ್ಕೆ ಅದು ಸಿದ್ಧವಾದ ಸತ್ಯವಾಗದು. ಚಿಕ್ಕ ಅರಸು ಮನೆತನವೊಂದು ದೊಡ್ಡ ಹೆಸರಿನ ನೆರಳನ್ನು ಬಯಸಿತು ಎಂಬುದಂತೂ ಸತ್ಯ. ಹಾವೇರಿಯ ಸಿದ್ಧೇಶ್ವರ ದೇವಾಲಯಕ್ಕೆ ಹೋದಾಗಲೂ ಇದೇ ರೀತಿ ಕಣ್ಣು ತೆರೆದು ನೋಡಿ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಹೆಚ್ಚಿನ ಗುಡಿಗಳು ಪೂರ್ವಕ್ಕೆ ಮುಖ ಮಾಡಿರುವಾಗ ಇದೇಕೆ ಹೀಗೆ ಎಂಬ ಪ್ರಶ್ನೆಯನ್ನು ನಿಮ್ಮ ತಂಗಿಯೇ ಎತ್ತಲಿ.

ಮನೆಯಲ್ಲಿ ಕೇಳಿದ್ದನ್ನು ತಾಳೆ ನೋಡಲು 1884ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರು ಒಳ್ಳೆಯ ಆಕರ. ಕಾಲೇಜಿನ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಅದನ್ನು ವಿಚಾರಿಸಿ. ಅದನ್ನು ಬರೆಸಿದ್ದು ಆಳುವ ಸರ್ಕಾರ ಎಂಬುದನ್ನೂ ಓದುವಾಗ ಮರೆಯಬೇಡಿ.

ಇಂದೇ ಏಕೆ?

ಈ ಕೆಲಸವನ್ನು ಮುಂದೂಡಬಾರದು. ರಾಣೆಬೆನ್ನೂರಿನ ಬಳಿ ಕೃಷ್ಣಮೃಗಗಳಿಗಾಗಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಆ ಹುಲ್ಲುಗಾವಲಿನಲ್ಲಿ ಹಿಂದೆ ಎರೆಬೂತ ಎಂಬ ದೊಡ್ಡ ಹಕ್ಕಿಯೂ ಇತ್ತು. ಹುಲ್ಲಿನ ಬಯಲಿನಲ್ಲಿ ನೀಲಗಿರಿ ಗಿಡಗಳನ್ನು ನೆಟ್ಟರು, ಬಯಲು ಮರೆಯಾಯಿತು. ಇಂದು ಅಲ್ಲಿ ಎರೆಬೂತ ಕಾಣಸಿಗದು. ಕರ್ನಾಟಕದಲ್ಲಿ ಅದು ಉಳಿದಿರುವುದು ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು. ರಾಣೆಬೆನ್ನೂರಿನ ಬಯಲಿನಲ್ಲಿ ಅದನ್ನು ಕಣ್ಣಾರೆ ಕಂಡವರು ಈಗ ವೃದ್ಧರು.

ಏಕೀಕರಣದ ನೆನಪಿನ ಮಾತೂ ಹೀಗೆಯೇ. 1956ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಹೊಳೆಯಾಚೆ ಬೇರೆ ರಾಜ್ಯವಿದ್ದುದನ್ನು ಕಂಡವರಲ್ಲಿ ಅವರೇ ಕೊನೆಯವರು. ಪುಸ್ತಕಗಳು ಗ್ರಂಥಾಲಯದಲ್ಲಿ ನಿಮಗಾಗಿ ಕಾಯುತ್ತವೆ. ಅಜ್ಜಿಯ ನೆನಪು ಕಾಯುವುದಿಲ್ಲ.

ಆದ್ದರಿಂದ ಇವತ್ತು ಸಂಜೆ ಊಟವಾದ ಮೇಲೆ ಒಂದು ನೋಟುಬುಕ್ಕು ಹಿಡಿದು ಅವರ ಬಳಿ ಕುಳಿತುಕೊಳ್ಳಿ. ತಮ್ಮ ತಂಗಿಯರೂ ಇರಲಿ. ದಿನಾಂಕ, ಹೇಳಿದವರ ಹೆಸರು, ಅವರ ತವರೂರು ಬರೆದುಕೊಳ್ಳಿ. “ಇತಿಹಾಸ ಹೇಳು” ಎಂದರೆ ಅವರು ನಕ್ಕು ಸುಮ್ಮನಾದಾರು. ಹೀಗೆ ಕೇಳಿ: “ಅಜ್ಜೀ, ನೀ ಸಣ್ಣಾಕಿ ಇದ್ದಾಗ ಯಾವ ಸಂತಿಗೆ ಹೋಗ್ತಿದ್ರಿ? ಹೊಳಿ ಹೆಂಗ ದಾಟ್ತಿದ್ರಿ? ಖಾರಾ ಎಲ್ಲಿ ಕುಟ್ಟಸ್ತಿದ್ರಿ?” ಆಮೇಲೆ ಅವರು ಹೇಳಿದ ಮಾತನ್ನು ಅವರ ಭಾಷೆಯಲ್ಲೇ ಬರೆಯಿರಿ, ತಿದ್ದಬೇಡಿ. ಮರುದಿನ ನಕ್ಷೆ ತೆಗೆದು ಅವರು ಹೇಳಿದ ಊರುಗಳನ್ನು ಗುರುತಿಸಿ.

ನಕ್ಷೆಯಲ್ಲಿ ಆ ಊರು ಸಿಗದಿದ್ದರೆ ಅದನ್ನು ನೀವೇ ಬರೆದು ಸೇರಿಸಿ.